ಅಣ್ಣನ ರಕ್ತದ ಜೆನೆಟಿಕ್ ಪರೀಕ್ಷೆ: ಯಾವುದು ಬೇಕು, ಯಾವುದು ಬೇಡ

ಪ್ರಶ್ನೆ: ನಾವು ಶಿರಸಿ ತಾಲೂಕಿನ ಹಳ್ಳಿಯವರು, ಅಡಿಕೆ ತೋಟದವರು. ನನ್ನ ಅಣ್ಣನಿಗೆ 54 ವರ್ಷ. ಹರ್ನಿಯಾ ಆಪರೇಷನ್ನಿಗೆ ಮೊದಲು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ 1,42,000 ಎಂದು ಬಂತು; ಸ್ಕ್ಯಾನಿಂಗಿನಲ್ಲಿ ಗುಲ್ಮ ದೊಡ್ಡದಾಗಿದೆ ಎಂದರು. ಸಿಎಂಎಲ್ ಇರಬಹುದು ಎಂದು ಹೇಳಿ ಮಣಿಪಾಲಕ್ಕೆ ಕಳುಹಿಸಿದ್ದಾರೆ. ಅಲ್ಲಿ ಬೋನ್ ಮ್ಯಾರೋ, ಕ್ಯಾರಿಯೋಟೈಪ್, ಬಿಸಿಆರ್-ಎಬಿಎಲ್ ಪಿಸಿಆರ್ ಎಂದು ಹಲವು ಪರೀಕ್ಷೆಗಳನ್ನು ಬರೆದಿದ್ದಾರೆ. ಇಷ್ಟೆಲ್ಲ ಬೇಕೇ? ಪೇಟೆಯ ಒಂದು ಕಲೆಕ್ಷನ್ ಸೆಂಟರಿನವರು, ಎಲ್ಲವನ್ನೂ ಒಟ್ಟಿಗೆ ನೋಡುವ ದೊಡ್ಡ ಜೀನ್ ಪ್ಯಾನೆಲ್ ಇದೆ, ರಕ್ತವನ್ನು ಇಲ್ಲಿಂದಲೇ ಕಳುಹಿಸಬಹುದು ಎನ್ನುತ್ತಾರೆ. ಜೆನೆಟಿಕ್ ಎಂದ ಮೇಲೆ ಇದು ಮಕ್ಕಳಿಗೂ ಬರುತ್ತದೆಯೇ? ಅಣ್ಣನ ಮಗಳಿಗೆ ಸಂಬಂಧ ನೋಡುತ್ತಿದ್ದೇವೆ. ತೋಟಕ್ಕೆ ವರ್ಷಾನುಗಟ್ಟಲೆ ಮೈಲುತುತ್ತದ ಮದ್ದು ಹೊಡೆದದ್ದು ಇದಕ್ಕೆ ಕಾರಣವೇ, ಅಥವಾ ಊರಿನಲ್ಲಿ ಕೆಲವರು ಹೇಳುವಂತೆ ಕೈಗಾ ಅಣುವಿದ್ಯುತ್ ಸ್ಥಾವರ ಕಾರಣವೇ?

ಉತ್ತರ: ಮಗಳ ಸಂಬಂಧದ ಮಾತನ್ನೇ ಮೊದಲು ಮುಗಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಆತಂಕ ಕಾಣುವುದು ಅಲ್ಲಿಯೇ. ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್, ತಂದೆಯಿಂದ ಮಕ್ಕಳಿಗೆ ಇಳಿದು ಬರುವ ರೋಗವಲ್ಲ. ಅಸ್ಥಿಮಜ್ಜೆಯಲ್ಲಿ (ಬೋನ್ ಮ್ಯಾರೋ) ರಕ್ತವನ್ನು ಉತ್ಪಾದಿಸುವ ಮೂಲಕೋಶಗಳ ಪೈಕಿ ಒಂದೇ ಒಂದರಲ್ಲಿ, ಮನುಷ್ಯ ಹುಟ್ಟಿ ಬೆಳೆದು ಎಷ್ಟೋ ವರ್ಷಗಳಾದ ಮೇಲೆ, ಜೀನ್‌ಗಳನ್ನು ಹೊತ್ತ ಎರಡು ವರ್ಣತಂತುಗಳು (ಕ್ರೋಮೋಸೋಮ್) ತುಂಡಾಗಿ ತುದಿಗಳನ್ನು ಅದಲುಬದಲು ಮಾಡಿಕೊಂಡದ್ದರಿಂದ ಈ ರೋಗ ಆರಂಭವಾಗುತ್ತದೆ. ಆ ಬದಲಾವಣೆ ಇರುವುದು ಆ ಕೋಶದಲ್ಲಿ ಮತ್ತು ಅದರಿಂದ ಹುಟ್ಟಿದ ಕೋಶಗಳಲ್ಲಿ ಮಾತ್ರ. ನಿಮ್ಮ ಅಣ್ಣನ ಚರ್ಮದಲ್ಲಾಗಲಿ ವೀರ್ಯಾಣುವಿನಲ್ಲಾಗಲಿ ಅದು ಇರುವುದಿಲ್ಲ. ಪ್ರಯೋಗಾಲಯವು ಇಲ್ಲಿ ಪರೀಕ್ಷಿಸುವುದು ರೋಗಗ್ರಸ್ತ ಕೋಶದ ಜೀನ್‌ಗಳನ್ನೇ ಹೊರತು ಕುಟುಂಬದ ಜೀನ್‌ಗಳನ್ನಲ್ಲ. ಆದ್ದರಿಂದ ಮಗಳಿಗಾಗಲಿ ನಿಮಗಾಗಲಿ ಈ ಪರೀಕ್ಷೆಯ ಅಗತ್ಯವಿಲ್ಲ. ಗಂಡಿನ ಕಡೆಯವರು ಕೇಳಿದರೆ ಇದನ್ನು ಸಂಕೋಚವಿಲ್ಲದೆ ಹೇಳಬಹುದು.

ರಕ್ತದ ಕ್ಯಾನ್ಸರುಗಳಲ್ಲಿ ಮನೆತನದಲ್ಲಿ ಮರುಕಳಿಸುವಂಥವು ಇಲ್ಲವೇ ಇಲ್ಲ ಎಂದಲ್ಲ. ಆರ್‌ಯುಎನ್‌ಎಕ್ಸ್1, ಸಿಇಬಿಪಿಎ, ಡಿಡಿಎಕ್ಸ್41 ಎಂಬ ಜೀನ್‌ಗಳಲ್ಲಿ ಹುಟ್ಟಿನಿಂದಲೇ ದೋಷವಿರುವ ಕೆಲವು ಕುಟುಂಬಗಳಲ್ಲಿ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ, ಬೇಗ ಉಲ್ಬಣಿಸುವ ರಕ್ತದ ಕ್ಯಾನ್ಸರ್ ಒಂದಕ್ಕಿಂತ ಹೆಚ್ಚು ಜನರಿಗೆ ಬರುವುದುಂಟು. ಅಂಥ ಸಂಶಯವಿದ್ದಾಗ ರಕ್ತದಿಂದ ಖಚಿತ ಉತ್ತರ ಸಿಗುವುದಿಲ್ಲ, ಏಕೆಂದರೆ ರಕ್ತವೇ ರೋಗದ ಮನೆ. ಜೊಲ್ಲಿನಲ್ಲಿಯೂ ಬಿಳಿ ಕಣಗಳು ಬೆರೆತಿರುವುದರಿಂದ ಅದನ್ನೂ ನಂಬುವಂತಿಲ್ಲ. ಚರ್ಮದ ಚಿಕ್ಕ ತುಣುಕನ್ನು ತೆಗೆದು, ಅದರ ಕೋಶಗಳನ್ನು ಬೆಳೆಸಿ ನೋಡಬೇಕಾಗುತ್ತದೆ. ಇದು ನಿಮ್ಮ ಮನೆಗೆ ಸಂಬಂಧಿಸಿದ ವಿಷಯವಲ್ಲ. ಒಡಹುಟ್ಟಿದವರ ರಕ್ತ ಬೇಕಾಗಬಹುದು ಎಂದು ಯಾರಾದರೂ ನಿಮಗೆ ಹೇಳಿದ್ದರೆ, ಅದು ಅಸ್ಥಿಮಜ್ಜೆಯ ಕಸಿಗೆ ಹೊಂದಾಣಿಕೆ ನೋಡುವ ಎಚ್‌ಎಲ್‌ಎ ಪರೀಕ್ಷೆಯ ಮಾತು. ಒಂದೇ ತಂದೆತಾಯಿಯ ಮಕ್ಕಳಲ್ಲಿ ಇಬ್ಬರ ನಡುವೆ ಪೂರ್ತಿ ಹೊಂದಾಣಿಕೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಸಿಎಂಎಲ್‌ನಲ್ಲಿ ಇಂದು ಕಸಿಯ ಅಗತ್ಯ ಬೀಳುವುದು ಕೆಲವರಿಗೆ ಮಾತ್ರ, ಹಾಗಾಗಿ ಅದಕ್ಕೆ ಈಗಲೇ ಅವಸರ ಬೇಡ.

ಇನ್ನು ಪರೀಕ್ಷೆಗಳ ವಿಷಯ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಅವರು ಈ ರೋಗಿಗಳ ಕೋಶಗಳಲ್ಲಿ ಅಸಹಜವಾಗಿ ಗಿಡ್ಡಗಾದ ಒಂದು ವರ್ಣತಂತುವನ್ನು ಗುರುತಿಸಿದರು. ಅದಕ್ಕೆ ಆ ನಗರದ ಹೆಸರೇ ನಿಂತಿತು. 9 ಮತ್ತು 22ನೆಯ ವರ್ಣತಂತುಗಳು ತುದಿಗಳನ್ನು ಬದಲಾಯಿಸಿಕೊಂಡದ್ದರಿಂದ ಅದು ಗಿಡ್ಡಗಾಗಿದೆ ಎಂಬುದನ್ನು 1973ರಲ್ಲಿ ಜ್ಯಾನೆಟ್ ರೌಲಿ ತೋರಿಸಿದರು. ಬೆಸುಗೆಯಾದ ಜಾಗದಲ್ಲಿ ಬಿಸಿಆರ್ ಮತ್ತು ಎಬಿಎಲ್1 ಎಂಬ ಎರಡು ಜೀನ್‌ಗಳು ಒಂದಾಗಿ, ಕೋಶಕ್ಕೆ ಬಿಡುವಿಲ್ಲದೆ ವಿಭಜನೆಯ ಆಜ್ಞೆ ಕೊಡುವ ಪ್ರೋಟೀನನ್ನು ತಯಾರಿಸುತ್ತವೆ. ಆ ಪ್ರೋಟೀನನ್ನೇ ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ಸಿಕ್ಕಿತು. ಅದರ ಪೇಟೆಂಟ್ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟು 2013ರ ಏಪ್ರಿಲ್‌ನಲ್ಲಿ ತಿರಸ್ಕರಿಸಿದ್ದರಿಂದ ಜೆನೆರಿಕ್ ಮಾತ್ರೆಗಳಿಗೆ ಅಡ್ಡಿಯಾಗಲಿಲ್ಲ. ಇಷ್ಟು ಇತಿಹಾಸವನ್ನು ಹೇಳಿದ್ದಕ್ಕೆ ಕಾರಣವಿದೆ: ಈ ಬೆಸುಗೆ ಇದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆಯ ಮೇಲೆ ಅಣ್ಣನ ಚಿಕಿತ್ಸೆ ನಿಂತಿದೆ. ಇದ್ದರೆ ಹೆಚ್ಚಿನವರು ದಿನಕ್ಕೊಂದು ಹೊತ್ತು ಮಾತ್ರೆ ನುಂಗಿ ತೋಟದ ಕೆಲಸ ಮಾಡಿಕೊಂಡು ಇರಬಹುದು. ಇಲ್ಲದಿದ್ದರೆ ಅದು ಬೇರೆಯೇ ರೋಗ, ಈ ಮಾತ್ರೆ ಅದಕ್ಕೆ ಮದ್ದಲ್ಲ.

ಸ್ಲೈಡಿನ ಮೇಲೆ ರಕ್ತ ಸವರಿ ನೋಡುವ ಸ್ಮಿಯರ್ ಪರೀಕ್ಷೆಯಲ್ಲೇ ಗೊತ್ತಾಗಿದೆಯಲ್ಲ, ಮತ್ತೇಕೆ ಉಳಿದದ್ದು ಎಂದು ನೀವು ಕೇಳಬಹುದು. ಅನುಭವಿ ಪೆಥಾಲಜಿಸ್ಟ್ ಸ್ಮಿಯರ್ ನೋಡಿ ಸಿಎಂಎಲ್ ಎಂದರೆ ಅದು ಬಹುಮಟ್ಟಿಗೆ ಸರಿಯೇ ಆಗಿರುತ್ತದೆ. ಆದರೆ ತೀವ್ರ ಸೋಂಕಿನಲ್ಲಿಯೂ ಬಿಳಿ ಕಣಗಳು ಹೀಗೆ ಏರಬಹುದು, ಅಸ್ಥಿಮಜ್ಜೆಯ ಬೇರೆ ಕೆಲವು ರೋಗಗಳೂ ಇದೇ ರೂಪದಲ್ಲಿ ಕಾಣಿಸಬಹುದು. ಅಲ್ಲದೆ ರೋಗ ಯಾವ ಹಂತದಲ್ಲಿದೆ ಎಂಬುದು ಅಸ್ಥಿಮಜ್ಜೆಯಲ್ಲಿ ಎಳೆಯ ಬ್ಲಾಸ್ಟ್ ಕೋಶಗಳು ನೂರಕ್ಕೆ ಎಷ್ಟಿವೆ, ಫಿಲಡೆಲ್ಫಿಯಾ ವರ್ಣತಂತುವಿನ ಜೊತೆಗೆ ಬೇರೆ ವರ್ಣತಂತುಗಳಲ್ಲೂ ದೋಷ ಸೇರಿಕೊಂಡಿದೆಯೇ ಎಂಬುದರಿಂದ ತಿಳಿಯಬೇಕು. ಮುಂದೆ ಬಹುತೇಕ ಎಲ್ಲ ಪರೀಕ್ಷೆಗಳೂ ಕೈಯ ರಕ್ತದಲ್ಲಿಯೇ ನಡೆಯುತ್ತವೆ, ಆದರೆ ಆರಂಭದಲ್ಲಿ ಒಂದು ಸಲ ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುವುದನ್ನು ತಪ್ಪಿಸಬೇಡಿ. ಹರ್ನಿಯಾ ಆಪರೇಷನ್ ತುರ್ತಿನದಲ್ಲದಿದ್ದರೆ ರಕ್ತಕಣಗಳ ಸಂಖ್ಯೆ ಹದಕ್ಕೆ ಬರುವವರೆಗೆ ಮುಂದೂಡುವುದೇ ವಾಡಿಕೆ.

ಕೋಶದ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ಯಾರಿಯೋಟೈಪ್ ಪರೀಕ್ಷೆಗೆ ಏಕೆ ಒಂದೆರಡು ವಾರ ಬೇಕಾಗುತ್ತದೆ ಎಂಬುದು ಅದರ ಕೆಲಸವನ್ನು ನೋಡಿದವರಿಗೆ ಮಾತ್ರ ಅರ್ಥವಾಗುತ್ತದೆ. ಬಂದ ಮಜ್ಜೆಯನ್ನು ಪೋಷಕ ದ್ರವದಲ್ಲಿ ಹಾಕಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಅಥವಾ ಎರಡು ದಿನ ಬೆಳೆಸುತ್ತಾರೆ. ವರ್ಣತಂತುಗಳು ಪ್ರತ್ಯೇಕವಾಗಿ ಕಾಣುವುದು ಕೋಶ ಇಬ್ಭಾಗವಾಗುವ ಹೊತ್ತಿನಲ್ಲಿ ಮಾತ್ರ. ಆದ್ದರಿಂದ ಕಾಲ್ಸೆಮಿಡ್ ಎಂಬ ರಾಸಾಯನಿಕ ಹಾಕಿ ಕೋಶಗಳನ್ನು ಆ ಕ್ಷಣದಲ್ಲಿಯೇ ತಡೆದು ನಿಲ್ಲಿಸುತ್ತಾರೆ. ಬಳಿಕ ತೆಳುವಾದ ಉಪ್ಪಿನ ದ್ರಾವಣದಲ್ಲಿ ಅವು ಉಬ್ಬುವಂತೆ ಮಾಡಿ, ಮೆಥನಾಲ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಸ್ಥಿರಗೊಳಿಸಿ, ಗಾಜಿನ ಸ್ಲೈಡಿನ ಮೇಲೆ ಹನಿ ಬೀಳಿಸಿದಾಗ ಕೋಶ ಒಡೆದು ವರ್ಣತಂತುಗಳು ಹರಡಿಕೊಳ್ಳುತ್ತವೆ. ಟ್ರಿಪ್ಸಿನ್ ತಾಗಿಸಿ ಗೀಮ್ಸಾ ಬಣ್ಣ ಹಾಕಿದರೆ ಪ್ರತಿಯೊಂದರ ಮೇಲೂ ಕಪ್ಪು ಬಿಳಿ ಪಟ್ಟೆಗಳು ಏಳುತ್ತವೆ, ಆ ಪಟ್ಟೆಗಳಿಂದಲೇ ಯಾವುದು 9, ಯಾವುದು 22 ಎಂದು ಗುರುತು. ಹೀಗೆ 20 ಕೋಶಗಳನ್ನು ಒಬ್ಬ ತಜ್ಞರು ಕುಳಿತು ಒಂದೊಂದಾಗಿ ನೋಡಿ, ಚಿತ್ರ ತೆಗೆದು, ಜೋಡಿಸಿ ವರದಿ ಬರೆಯಬೇಕು. ಅಣ್ಣನ ವರದಿಯಲ್ಲಿ 46, ಎಕ್ಸ್‌ವೈ, ಟಿ(9;22)(ಕ್ಯೂ34;ಕ್ಯೂ11.2)[20] ಎಂಬ ಸಾಲು ಬಂದರೆ ಅದನ್ನು ಹೀಗೆ ಓದಿ: ವರ್ಣತಂತುಗಳು ಒಟ್ಟು 46, ಪುರುಷ, 9 ಮತ್ತು 22ರ ನಡುವೆ ಅದಲುಬದಲು, ಆವರಣದೊಳಗಿನ ಅಂಕಿಗಳು ಎರಡೂ ವರ್ಣತಂತುಗಳು ತುಂಡಾದ ಜಾಗದ ವಿಳಾಸ, ಕೊನೆಯ 20 ಎಂದರೆ ನೋಡಿದ ಇಪ್ಪತ್ತೂ ಕೋಶಗಳಲ್ಲಿ ಇದೇ ಬದಲಾವಣೆ ಇತ್ತು ಎಂದು. ಇದರ ಜೊತೆಗೆ ಇನ್ನೊಂದು ಫಿಲಡೆಲ್ಫಿಯಾ, ಹೆಚ್ಚುವರಿ 8ನೆಯ ವರ್ಣತಂತು ಅಥವಾ 17ರ ವಿಕಾರ ಕಂಡರೆ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ.

ಸಿಎಂಎಲ್ ಇರುವ ನೂರು ಜನರಲ್ಲಿ ಸುಮಾರು ಐವರ ಕ್ಯಾರಿಯೋಟೈಪ್‌ನಲ್ಲಿ ಈ ಗಿಡ್ಡ ವರ್ಣತಂತು ಕಾಣಿಸುವುದಿಲ್ಲ, ಬೆಸುಗೆ ಸೂಕ್ಷ್ಮವಾಗಿ ಅಡಗಿರುತ್ತದೆ. ಅಲ್ಲಿ ನೆರವಾಗುವುದು ಹೊಳೆಯುವ ಬಣ್ಣದ ಡಿಎನ್‌ಎ ತುಣುಕುಗಳನ್ನು ಅಂಟಿಸಿ ನೋಡುವ ಫಿಶ್ ಪರೀಕ್ಷೆ. ಶಿರಸಿಯ ಮಾರಿಕಾಂಬಾ ಜಾತ್ರೆಯನ್ನು ಎತ್ತರದಿಂದ ನೋಡಿದರೆ ಎಲ್ಲಿ ಏನು ಗದ್ದಲ ಎಂಬುದು ಒಟ್ಟಾರೆ ತಿಳಿದೀತು, ಕೆಂಪು ರುಮಾಲಿನ ಒಬ್ಬನನ್ನು ಹುಡುಕಲು ಮಾತ್ರ ಜನರ ನಡುವೆ ಇಳಿಯಬೇಕು. ಕ್ಯಾರಿಯೋಟೈಪ್ ಮೊದಲನೆಯದು, ಫಿಶ್ ಎರಡನೆಯದು. ಫಿಶ್‌ಗೆ ಕೋಶ ವಿಭಜನೆಯಾಗುತ್ತಿರಬೇಕೆಂದಿಲ್ಲ, ಕೆಲವೇ ದಿನಗಳಲ್ಲಿ ಉತ್ತರ ಬರುತ್ತದೆ, ನೂರಾರು ಕೋಶಗಳನ್ನು ಎಣಿಸಬಹುದು. ಆದರೆ ಯಾವ ದೋಷವನ್ನು ಹುಡುಕಲು ಹೇಳಿದ್ದೀರೋ ಅದನ್ನಷ್ಟೇ ಅದು ಹೇಳುತ್ತದೆ. ಕ್ಯಾರಿಯೋಟೈಪ್ ಮತ್ತು ಪಿಸಿಆರ್ ಎರಡೂ ಸ್ಪಷ್ಟವಾಗಿದ್ದರೆ ಸಿಎಂಎಲ್‌ಗೆ ಫಿಶ್ ಅನ್ನು ಕಡ್ಡಾಯ ಎಂದು ನಾನು ಭಾವಿಸುವುದಿಲ್ಲ.

ಪಿಸಿಆರ್ ಪರೀಕ್ಷೆ ಬೆಸುಗೆಯಾದ ಜೀನ್‌ನಿಂದ ಹೊರಡುವ ಆರ್‌ಎನ್‌ಎ ಸಂದೇಶವನ್ನು ಹಿಡಿಯುತ್ತದೆ. ಇದರಲ್ಲಿ ಓದುಗರಿಗೆ ಯಾರೂ ಹೇಳದ ಒಂದು ಅಂಶವಿದೆ. ಬೆಸುಗೆ ಎಲ್ಲರಲ್ಲೂ ಒಂದೇ ಜಾಗದಲ್ಲಿ ಆಗಿರುವುದಿಲ್ಲ. ಹೆಚ್ಚಿನವರಲ್ಲಿ ಪಿ210 ಎಂಬ ಪ್ರೋಟೀನು ಬರುವ ಎರಡು ಮಾದರಿಗಳಲ್ಲೊಂದು ಇರುತ್ತದೆ, ಕೆಲವರಲ್ಲಿ ಪಿ190 ಅಥವಾ ಪಿ230 ಮಾದರಿ ಇರುತ್ತದೆ. ಪ್ರಮಾಣ ಅಳೆಯುವ ಸಾಮಾನ್ಯ ಪಿಸಿಆರ್ ಪಿ210ಕ್ಕಾಗಿಯೇ ರೂಪಿಸಿದ್ದು. ಬೇರೆ ಮಾದರಿಯ ರೋಗಿಯಲ್ಲಿ ಅದು ಸೊನ್ನೆ ತೋರಿಸಿಬಿಡಬಹುದು. ಹಾಗಾದರೆ ಕಾಯಿಲೆ ಇರುವಾಗಲೇ ಇಲ್ಲ ಎಂಬ ವರದಿ ಕೈಗೆ ಬರುತ್ತದೆ. ಆದ್ದರಿಂದ ಮೊದಲ ಸಲದ ಪರೀಕ್ಷೆಯಲ್ಲಿ ಮಾದರಿ ಯಾವುದು ಎಂಬುದನ್ನು ವರದಿಯಲ್ಲಿ ಬರೆಯಲೇಬೇಕೆಂದು ಕೇಳಿ, ಆ ಕಾಗದವನ್ನು ಮನೆಯ ಪಹಣಿಪತ್ರಗಳ ಜೊತೆಗೆ ಜೋಪಾನವಾಗಿಡಿ. ಐದು ವರ್ಷದ ನಂತರವೂ ಅದು ಬೇಕಾಗುತ್ತದೆ.

ದೊಡ್ಡ ಜೀನ್ ಪ್ಯಾನೆಲ್ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಎನ್‌ಜಿಎಸ್ ಎಂದು ಕರೆಯುವ ಆ ವಿಧಾನದಿಂದ ಹತ್ತಾರು ಜೀನ್‌ಗಳನ್ನು ಒಂದೇ ಬಾರಿಗೆ ಓದಬಹುದು ಎಂಬುದು ನಿಜ. ಆದರೆ ಕೇವಲ ಡಿಎನ್‌ಎ ಓದುವ ಹಲವು ಪ್ಯಾನೆಲ್‌ಗಳಿಗೆ ಎರಡು ಜೀನ್‌ಗಳು ಬೆಸೆದುಕೊಂಡದ್ದು ಕಾಣಿಸುವುದೇ ಇಲ್ಲ; ಅಂದರೆ ಅತಿ ದುಬಾರಿ ಪರೀಕ್ಷೆ ಮಾಡಿಸಿಯೂ ಅಣ್ಣನ ರೋಗದ ಮೂಲ ಗುರುತೇ ಕೈತಪ್ಪಬಹುದು. ಪ್ಯಾನೆಲ್‌ಗೆ ಅದರದೇ ಜಾಗವಿದೆ. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಎಫ್‌ಎಲ್‌ಟಿ3, ಎನ್‌ಪಿಎಂ1, ಟಿಪಿ53 ಮುಂತಾದವುಗಳ ಸ್ಥಿತಿಯನ್ನು ತಿಳಿಯದೆ ಇಂದು ಚಿಕಿತ್ಸೆ ಯೋಜಿಸಲಾಗದು: ಎಫ್‌ಎಲ್‌ಟಿ3 ದೋಷವಿದ್ದರೆ ಅದಕ್ಕೆಂದೇ ಇರುವ ಮಾತ್ರೆಯನ್ನು ಸೇರಿಸುತ್ತಾರೆ, ಟಿಪಿ53 ದೋಷವಿದ್ದರೆ ಕೀಮೋಥೆರಪಿಗೆ ರೋಗ ಬಗ್ಗುವುದು ಕಡಿಮೆ. ಹಿಮೋಗ್ಲೋಬಿನ್ ಏರುತ್ತಲೇ ಹೋಗುವ ಪಾಲಿಸೈಥೀಮಿಯಾ ವೆರಾ ಎಂಬ ರೋಗದಲ್ಲಿ ಪ್ಯಾನೆಲ್ ಕೂಡ ಬೇಡ, ಜಾಕ್2 ಎಂಬ ಒಂದೇ ಜೀನ್‌ನ 2005ರಲ್ಲಿ ಪತ್ತೆಯಾದ ಒಂದು ದೋಷ ನೂರಕ್ಕೆ ಸುಮಾರು 95 ರೋಗಿಗಳಲ್ಲಿ ಸಿಗುತ್ತದೆ. ಅಸ್ಥಿಮಜ್ಜೆಯ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್ ಆದ ಮೈಲೋಮಾದಲ್ಲಿ ಆ ಕೋಶಗಳನ್ನು ಬೇರ್ಪಡಿಸಿಕೊಂಡು ಫಿಶ್ ಮಾಡುತ್ತಾರೆ. ಯಾವ ರೋಗದ ಸಂಶಯವೋ ಅದಕ್ಕೆ ತಕ್ಕ ಪರೀಕ್ಷೆ. ಅದನ್ನು ಆರಿಸಬೇಕಾದವರು ಸ್ಮಿಯರ್ ನೋಡಿದ ವೈದ್ಯರು, ಕೌಂಟರಿನಲ್ಲಿ ಕುಳಿತವರಲ್ಲ.

ರಕ್ತವನ್ನು ಶಿರಸಿಯಿಂದಲೇ ಕಳುಹಿಸಬಹುದೇ ಎಂದು ಕೇಳಿದ್ದೀರಿ. ಪಿಸಿಆರ್‌ಗೆ ಕಳುಹಿಸಬಹುದು, ಕ್ಯಾರಿಯೋಟೈಪ್‌ಗೆ ಬೇಡ. ಕ್ಯಾರಿಯೋಟೈಪ್‌ಗೆ ಬೇಕಾದದ್ದು ಜೀವಂತ ಕೋಶ. ಅದನ್ನು ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿನಲ್ಲಿ, ಐಸ್ ತಾಗಿಸದೆ, ಬಿಸಿಲಿಗೆ ಇಡದೆ, ಆದಷ್ಟು ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಪರೀಕ್ಷಿಸುವ ಆಸ್ಪತ್ರೆಯಲ್ಲಿಯೇ ಮಜ್ಜೆ ಕೊಡುವುದು ಅದಕ್ಕಾಗಿ ಒಳ್ಳೆಯದು. ಪಿಸಿಆರ್‌ಗೆ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬು ಬೇಕು, ಏಕೆಂದರೆ ಹೆಪಾರಿನ್ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಎರಡು ಟ್ಯೂಬು ಅದಲುಬದಲಾಗಿ ಮತ್ತೆ ಸೂಜಿ ಚುಚ್ಚಿಸಿಕೊಂಡವರನ್ನು ಕಂಡಿದ್ದೇನೆ. ಆರ್‌ಎನ್‌ಎ ಬಹಳ ನಾಜೂಕು, ರಕ್ತ ತೆಗೆದ 48 ಗಂಟೆಗಳೊಳಗೆ ಮುಟ್ಟಿದರೆ ಉತ್ತಮ, ತಂಪಾಗಿರಬೇಕು, ಹೆಪ್ಪುಗಟ್ಟಬಾರದು. ಶನಿವಾರ ಸಂಜೆ ಕೊಟ್ಟ ರಕ್ತ ಸೋಮವಾರದವರೆಗೆ ಡಬ್ಬಿಯಲ್ಲಿ ಕಾದರೆ ಅದರ ವರದಿಯನ್ನು ನಾನು ನಂಬುವುದಿಲ್ಲ. ಮಳೆಗಾಲದಲ್ಲಂತೂ ನಮ್ಮ ಜಿಲ್ಲೆಯ ದಾರಿಗಳ ಅವಸ್ಥೆ ನಿಮಗೆ ಹೇಳಬೇಕಾಗಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸ್ಯಾಂಪಲ್ ಹೊರಡುವ ಮೊದಲು ಅದು ಯಾವ ದಾರಿಯಲ್ಲಿ, ಯಾವಾಗ ತಲುಪುತ್ತದೆ ಎಂದು ವಿಚಾರಿಸಿಕೊಳ್ಳಿ. ವಾರದ ಮೊದಲ ದಿನಗಳಲ್ಲಿ ಬೆಳಿಗ್ಗೆ ರಕ್ತ ಕೊಡಿ.

ನಿಮ್ಮ ಪ್ರಶ್ನೆಗೆ ಹೊರತಾದರೂ ಈ ಸೀಮೆಯವರಿಗಾಗಿ ಒಂದು ಮಾತು ಹೇಳಬೇಕು. ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಡಿಸೆಂಬರಿನಿಂದ ಮೇವರೆಗೆ ಜ್ವರದೊಂದಿಗೆ ಪ್ಲೇಟ್‌ಲೆಟ್ ಮತ್ತು ಬಿಳಿ ಕಣಗಳು ಇಳಿದರೆ ಮೊದಲು ನೆನಪಾಗಬೇಕಾದದ್ದು ಮಂಗನ ಕಾಯಿಲೆ, ಮಳೆ ಬಿದ್ದ ಮೇಲಾದರೆ ಡೆಂಗಿ, ಲ್ಯುಕೇಮಿಯಾ ಅಲ್ಲ. ಆದರೂ ಒಂದು ಸ್ಮಿಯರ್ ನೋಡದೆ ಬಿಡಬಾರದು. ಅಕ್ಯೂಟ್ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ ಎಂಬ ರೋಗದಲ್ಲಿ ವಸಡಿನಿಂದ ರಕ್ತ, ಮೈಮೇಲೆ ನೀಲಿ ಕಲೆ, ಕಡಿಮೆ ಪ್ಲೇಟ್‌ಲೆಟ್ ಇವೇ ಮೊದಲು ಕಾಣುವುದು. 15 ಮತ್ತು 17ನೆಯ ವರ್ಣತಂತುಗಳ ಬೆಸುಗೆಯಿಂದಾಗುವ ಈ ರೋಗ ಮೊದಲ ದಿನಗಳಲ್ಲೇ ಮೆದುಳಿನ ರಕ್ತಸ್ರಾವದಿಂದ ಜೀವ ತೆಗೆಯಬಲ್ಲದು. ಆ ದಿನಗಳನ್ನು ದಾಟಿದರೆ ರೆಟಿನೋಯಿಕ್ ಆಮ್ಲದ ಮಾತ್ರೆ ಮತ್ತು ಆರ್ಸೆನಿಕ್‌ನಿಂದ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಇಲ್ಲಿ ಮಾತ್ರ ಜೆನೆಟಿಕ್ ವರದಿಗಾಗಿ ಕಾಯುವಂತಿಲ್ಲ, ಸಂಶಯ ಬಂದ ಕೂಡಲೇ ಮಾತ್ರೆ ಆರಂಭಿಸಿ, ಪರೀಕ್ಷೆಯಿಂದ ಆಮೇಲೆ ಖಚಿತಪಡಿಸಿಕೊಳ್ಳುತ್ತಾರೆ.

ಕಾರಣದ ವಿಷಯದಲ್ಲಿ ನಾನು ಹೇಳಬಹುದಾದದ್ದು ಸ್ವಲ್ಪವೇ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು. ಅದರಿಂದ ಸಿಎಂಎಲ್ ಬರುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಅಧಿಕ ಪ್ರಮಾಣದ ವಿಕಿರಣದಿಂದ ಈ ರೋಗ ಹೆಚ್ಚುತ್ತದೆ ಎಂಬುದು ಹಿರೋಶಿಮಾ ಮತ್ತು ನಾಗಸಾಕಿಯಲ್ಲಿ ಬದುಕುಳಿದವರ ಅಧ್ಯಯನದಿಂದ ತಿಳಿದಿದೆ, ಆದರೆ ಬಹುಪಾಲು ರೋಗಿಗಳಲ್ಲಿ ಯಾವ ಹೊರಗಿನ ಕಾರಣವೂ ಸಿಗುವುದಿಲ್ಲ. ವಿಕಿರಣದಿಂದ ಆದ ಬೆಸುಗೆಗೂ ತಾನಾಗಿ ಆದ ಬೆಸುಗೆಗೂ ಸ್ಲೈಡಿನಲ್ಲಿ ವ್ಯತ್ಯಾಸ ಕಾಣದು. ಆದ್ದರಿಂದ ಅಣ್ಣನ ವರದಿಯನ್ನು ಹಿಡಿದು ಕೈಗಾ ಹೌದೆಂದೋ ಅಲ್ಲವೆಂದೋ ಯಾರಾದರೂ ಹೇಳಿದರೆ ಅದು ಊಹೆ. ಇಡೀ ಪ್ರದೇಶದ ರೋಗಿಗಳ ಲೆಕ್ಕವನ್ನು ಬೇರೆ ಪ್ರದೇಶಗಳ ಲೆಕ್ಕದೊಡನೆ ವರ್ಷಾನುಗಟ್ಟಲೆ ಹೋಲಿಸಿ ಉತ್ತರಿಸಬೇಕಾದ ಪ್ರಶ್ನೆ ಅದು.

ಮಾತ್ರೆ ಆರಂಭವಾದ ಮೇಲೆ ಮೂರು ತಿಂಗಳಿಗೊಮ್ಮೆ ಬಿಸಿಆರ್-ಎಬಿಎಲ್ ಪ್ರಮಾಣ ಅಳೆಯಬೇಕು. ಅಂತರರಾಷ್ಟ್ರೀಯ ಮಾಪಕದಲ್ಲಿ ಮೂರನೆಯ ತಿಂಗಳಿಗೆ ಶೇಕಡಾ 10, ಆರನೆಯ ತಿಂಗಳಿಗೆ ಶೇಕಡಾ 1, ವರ್ಷ ತುಂಬುವಾಗ ಶೇಕಡಾ 0.1 ಅಥವಾ ಅದಕ್ಕಿಂತ ಕೆಳಗೆ ಇಳಿದಿರಬೇಕು ಎಂಬುದು ಗುರಿ. ವರದಿಯಲ್ಲಿ ಈ ಮಾಪಕವನ್ನು ಸೂಚಿಸುವ ಐಎಸ್ ಎಂಬ ಎರಡಕ್ಷರ ಇದೆಯೇ ಎಂದು ನೋಡಿ; ಅದಿಲ್ಲದ ಅಂಕಿಯನ್ನು ಇನ್ನೊಂದು ಪ್ರಯೋಗಾಲಯದ ಅಂಕಿಯೊಡನೆ ಹೋಲಿಸಲಾಗದು. ಈ ಸಲ ಹುಬ್ಬಳ್ಳಿ, ಮುಂದಿನ ಸಲ ಗೋವಾ, ಆಮೇಲೆ ಮಂಗಳೂರು ಎಂದು ಬದಲಾಯಿಸುತ್ತಿದ್ದರೆ ಏರಿಳಿತ ರೋಗದ್ದೋ ಯಂತ್ರದ್ದೋ ಎಂದು ತಿಳಿಯದೆ ಪೇಚಾಡಬೇಕಾಗುತ್ತದೆ. ಅಂಕಿ ನಿಜವಾಗಿ ಏರಿದರೆ ವೈದ್ಯರು ಮೊದಲು ಕೇಳುವುದು ಮಾತ್ರೆ ತಪ್ಪಿತೇ ಎಂದು, ಏಕೆಂದರೆ ಬಹಳ ಸಲ ಕಾರಣ ಅದೇ. ಅಡಿಕೆ ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಹತ್ತು ದಿನ ಮಾತ್ರೆ ಬಿಟ್ಟದ್ದು ಪಿಸಿಆರ್‌ನಲ್ಲಿ ಕಾಣಬಹುದು. ತಪ್ಪಿಲ್ಲದೆಯೂ ಏರಿದರೆ ಎಬಿಎಲ್ ಜೀನ್‌ನಲ್ಲಿ ಹೊಸ ದೋಷ ಸೇರಿದೆಯೇ ಎಂದು ಪರೀಕ್ಷಿಸುತ್ತಾರೆ. ಟಿ315ಐ ಎಂಬ ದೋಷ ಬಂದಿದ್ದರೆ ಇಮ್ಯಾಟಿನಿಬ್, ಡಾಸಾಟಿನಿಬ್, ನೈಲೋಟಿನಿಬ್ ಮೂರೂ ನಾಟುವುದಿಲ್ಲ, ಪೊನಾಟಿನಿಬ್‌ನಂಥ ಬೇರೆ ಮಾತ್ರೆಗೆ ಹೋಗಬೇಕು. ವರ್ಷಗಳ ಕಾಲ ಅಂಕಿ ಅತ್ಯಂತ ಕೆಳಮಟ್ಟದಲ್ಲಿಯೇ ಉಳಿದ ಕೆಲವರಲ್ಲಿ ವೈದ್ಯರ ನಿಗಾದಲ್ಲಿ ಮಾತ್ರೆ ನಿಲ್ಲಿಸಿ ನೋಡುವುದುಂಟು. ಅವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಮಾತ್ರೆಯಿಲ್ಲದೆಯೂ ಹಾಗೆಯೇ ಇರುತ್ತಾರೆ. ಅದೂ ಪಿಸಿಆರ್ ಬಲದ ಮೇಲೆಯೇ ಆಗಬೇಕು, ತಾವಾಗಿಯೇ ನಿಲ್ಲಿಸುವ ಮಾತಲ್ಲ.

ಖರ್ಚಿನ ಬಗ್ಗೆ ನೀವು ಕೇಳಿಲ್ಲವಾದರೂ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಹೊರರೋಗಿಯಾಗಿ ಮಾಡಿಸುವ ಪರೀಕ್ಷೆಗಳು ಅದರಲ್ಲಿ ಸೇರುತ್ತವೆಯೇ ಎಂಬುದನ್ನು, ಮಜ್ಜೆ ಕೊಟ್ಟು ಬಿಲ್ ಬಂದ ಮೇಲೆ ಅಲ್ಲ, ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಕೇಳಿ ತಿಳಿದುಕೊಳ್ಳಿ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನೂ ಶಿರಸಿಯಿಂದಲೇ ಜೊತೆಗೆ ಒಯ್ಯಿರಿ.